ಇಂಟರ್‌ವಲ್‌ಗೆ ಮುಂಚೆ ಕೆಮ್ಮಿದವರು

ಮಾರ್ಚ್ 3, ಸೋಮವಾರ

ಹೊಸ ಸಿನಿಮಾ ಬಂತು. ಟ್ರೇಲರ್ ಮಾತ್ರ ನನ್ನದು, ಸಿನಿಮಾ ಎಡಿಟ್ ಮಾಡಿದವರು ಬೇರೆಯವರು. ಒಬ್ಬ ಅಪ್ಪ, ಒಬ್ಬಳು ಮಗಳು. ಅಪ್ಪನಿಗೆ ದೊಡ್ಡ ಕಾಯಿಲೆ. ಮಗಳಿಗೆ ಹೇಳುವುದಿಲ್ಲ. ಎರಡೂವರೆ ಗಂಟೆ ಹೇಳುವುದಿಲ್ಲ. ನಿರ್ದೇಶಕನಿಗೆ ಇದು ಮೊದಲ ಸಿನಿಮಾ. ಹುಡುಗನ ಬಾಯಿಂದ ಮಾತು ಹೊರಡಿಸುವುದೇ ಕಷ್ಟ, ಕೇಳಿದ್ದಕ್ಕೆಲ್ಲ ‘ಹೂಂ’ ಎನ್ನುತ್ತಾನೆ. ಮೌನಿ ಎಂದು ಹೆಸರಿಟ್ಟಿದ್ದೇನೆ. ಪ್ರೊಡ್ಯೂಸರ್ ತದ್ವಿರುದ್ಧ. ಎಡಿಟಿಂಗ್ ರೂಮಿನ ಬಾಗಿಲಲ್ಲೇ ಶುರು ಹಚ್ಚಿಕೊಂಡರು.

“ಮೇಡಂ, ಅಳೋ ಸಿನಿಮಾಗೆ ಟಿಕೆಟ್ ತಗೊಂಡು ಯಾರ್ರೀ ಬರ್ತಾರೆ? ಅಳೋದಕ್ಕೆ ಎಲ್ಲರ ಮನೇಲೂ ಬೇಕಾದಷ್ಟಿದೆ. ನೀವು ಭಯ ಬೀಳ್ಸಿ. ಅಪ್ಪ ಏನೋ ಮುಚ್ಚಿಡ್ತಿದಾನೆ, ಕೊಲೆಗಿಲೆ ಮಾಡಿದಾನೇನೋ ಅನ್ನಿಸ್ಬೇಕು.”

“ಅವನು ಮುಚ್ಚಿಡೋದು ಕಾಯಿಲೇನ ಸರ್.”

“ಏನು ಮುಚ್ಚಿಡ್ತಾನೆ ಅಂತ ನೀವ್ಯಾಕೆ ಹೇಳೋಕೆ ಹೋಗ್ತೀರಿ? ಮುಚ್ಚಿಡ್ತಾನೆ. ಅಲ್ಲಿಗೆ ಬಿಟ್ಬಿಡಿ.”

ಮೌನಿ ಇದಕ್ಕೆ ಮಾತ್ರ ‘ಹೂಂ’ ಎನ್ನಲಿಲ್ಲ. ನೆಲ ನೋಡುತ್ತ ಕುಳಿತ.

ಕೆಲಸವೇನೂ ಕಷ್ಟದ್ದಲ್ಲ. ಅಪ್ಪ ಬೀರುವಿನ ಬಾಗಿಲು ಹಾಕುವ ಒಂದು ಶಾಟ್ ಇದೆ. ಸಿನಿಮಾದಲ್ಲಿ ಅದರ ಹಿಂದೆ ಒಂಟಿ ಪಿಟೀಲು. ಪಿಟೀಲು ಕಿತ್ತು ತಗ್ಗಿನ ದನಿಯ ಗುಂಯ್ ಎನ್ನುವ ಸದ್ದು ಹಾಕಿದೆ. ಬಣ್ಣಕ್ಕೆ ಸ್ವಲ್ಪ ನೀಲಿ ಕೊಟ್ಟೆ. ಬಾಗಿಲು ಮುಚ್ಚಿದ ಮೇಲೂ ಅವನ ಮುಖವನ್ನು ಇನ್ನೊಂದು ಚೂರು ಹೊತ್ತು ಬಿಡದೆ ಹಿಡಿದೆ. ಆಯಿತು, ಬೀರುವಿನೊಳಗೆ ಹೆಣವಿದೆ! ಅದೇ ಶಾಟಿಗೆ ಬೆಚ್ಚಗಿನ ಬೆಳಕು, ಒಂದಿಷ್ಟು ಗಿಟಾರು ಕೊಟ್ಟರೆ ಮಗಳ ಉಡುಗೊರೆ ಬಚ್ಚಿಟ್ಟಿದ್ದಾನೆ. ಬಾಗಿಲು ಮುಚ್ಚುವ ಗಂಡಸೊಬ್ಬನನ್ನು ಕೊಡಿ, ಕೊಲೆಗಾರ ಬೇಕೋ ಪ್ರೇಮಿ ಬೇಕೋ ಸಾಯುವವನು ಬೇಕೋ ಹೇಳಿ, ಸಂಜೆಯೊಳಗೆ ತಯಾರು ಮಾಡಿ ಕೊಡುತ್ತೇನೆ. ಸುಮ್ಮನೆ ಬಾಗಿಲು ಮುಚ್ಚುವವನನ್ನು ಮಾತ್ರ ಕೇಳಬೇಡಿ. ಅಂಥವನು ಸಿನಿಮಾದಲ್ಲಿ ಇರುವುದಿಲ್ಲ.

ಸಂಜೆ ಇವರು ಅಂಗಡಿಯಿಂದ ಬಂದು ಶೂ ಬಿಚ್ಚುತ್ತ ಕೆಮ್ಮಿದರು. ಇವರದು ಕನ್ನಡಕದಂಗಡಿ. ದಿನವಿಡೀ ಜನರ ಕಣ್ಣ ಮುಂದೆ ಗಾಜು ಬದಲಿಸುತ್ತ ‘ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ’ ಎಂದು ಕೇಳುವ ಕೆಲಸ. ನಾನು ಅಡುಗೆಮನೆಯಿಂದಲೇ ಕೂಗಿದೆ: “ಇಂಟರ್‌ವಲ್‌ಗೆ ಮುಂಚೆ ಕೆಮ್ಮಬೇಡಿ ರೀ, ಸತ್ತೋಗ್ತೀರ!”

ನಮ್ಮ ಹಳೆಯ ಜೋಕು ಇದು. ಸಿನಿಮಾದಲ್ಲಿ ಸುಮ್ಮನೆ ಕೆಮ್ಮಿದವರು ಯಾರಿದ್ದಾರೆ? ಮೊದಲರ್ಧದಲ್ಲಿ ಕರ್ಚೀಫು ಬಾಯಿಗಿಟ್ಟರೆ ಮುಗಿಯಿತು, ಎರಡನೇ ಅರ್ಧದಲ್ಲಿ ಅವರ ಫೋಟೋ ಗೋಡೆಯ ಮೇಲೆ. ಮದುವೆಯಾದ ಹೊಸದರಲ್ಲಿ ಹೀಗೆ ಹೇಳಿದರೆ ಇವರು ಎದೆ ಹಿಡಿದುಕೊಂಡು ಸೋಫಾದ ಮೇಲೆ ಧೊಪ್ಪನೆ ಬೀಳುತ್ತಿದ್ದರು. ಇವತ್ತು ಬೀಳಲಿಲ್ಲ. ಗಿರಾಕಿಗಳಿಗೆ ನಗುವ ಹಾಗೆ ಒಂದು ನಗು ನಕ್ಕು ಬಾತ್‌ರೂಮಿಗೆ ಹೋದರು. ಸುಸ್ತಾಗಿರಬೇಕು.

ಮಾರ್ಚ್ 7, ಶುಕ್ರವಾರ

ಯಾರಿಗೂ ಹೇಳುವ ಹಾಗಿಲ್ಲ. ಇಲ್ಲಿ ಬರೆಯುತ್ತೇನೆ.

ಒಣಗಿದ ಬಟ್ಟೆ ತೆಗೆಯಲೆಂದು ಬಾಲ್ಕನಿಗೆ ಹೊರಟವಳು ಪರದೆಯ ಹಿಂದೆಯೇ ನಿಂತುಬಿಟ್ಟೆ. ಇವರು ಅಲ್ಲಿ ಫೋನಿನಲ್ಲಿದ್ದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

“ನಾನಿನ್ನು ಜಾಸ್ತಿ ದಿನ ಇರಲ್ಲ ಕಣೋ. ಅವಳಿಗೆ ಹೇಗ್ ಹೇಳೋದು ಅಂತಾನೇ ತಿಳೀತಿಲ್ಲ. ತಡ್ಕೊಳಲ್ಲ ಅವಳು.”

ಬಟ್ಟೆ ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ನೀರು ಬಿಟ್ಟೆ, ಅಳು ಕೇಳಿಸಬಾರದೆಂದು. ಇವರು ಒಳಗೆ ಬಂದಾಗ ಈರುಳ್ಳಿ ಹೆಚ್ಚುತ್ತಿದ್ದೆ. ಅಯ್ಯೋ, ನಾನೇ ಎಷ್ಟು ಸಿನಿಮಾದಲ್ಲಿ ಈ ಈರುಳ್ಳಿಯನ್ನು ನೋಡಿ ನಕ್ಕಿಲ್ಲ! ಕೈಗೆ ಸಿಕ್ಕಿದ್ದು ಅದೇ.

“ಯಾಕೆ, ಏನಾಯ್ತು?” ಎಂದರು.

“ಈರುಳ್ಳಿ” ಎಂದೆ.

ಇರಲ್ಲ. ಇವರು ಇರಲ್ಲ. ಇನ್ನು ಜಾಸ್ತಿ ದಿನ ಇರಲ್ಲ.

ಮಾರ್ಚ್ 9, ಭಾನುವಾರ

ಎಲ್ಲ ಕಣ್ಣೆದುರಿಗೇ ಇತ್ತು. ನನ್ನ ಕಣ್ಣಿಗೇನಾಗಿತ್ತು? ನಾಲ್ಕು ತಿಂಗಳಿಂದ ಇಳಿದುಹೋಗಿದ್ದಾರೆ, ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಎದ್ದು ಒಬ್ಬರೇ ನಡೆಯಲು ಹೋಗುತ್ತಾರೆ, ನಾನೂ ಬರುತ್ತೇನೆಂದರೆ ‘ನೀನು ಮಲಕ್ಕೋ’ ಎನ್ನುತ್ತಾರೆ. ಬೀರು ಖಾಲಿ ಮಾಡಿ ಹಳೆಯ ಬಟ್ಟೆಗಳನ್ನು ಯಾರಿಗೋ ಕೊಟ್ಟರು. ಮಾತಿನ ನಡುವೆ ಎಲ್ಲೋ ಹೋಗಿಬಿಡುತ್ತಾರೆ.

ಇವತ್ತು ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾವಾಗಲೂ ತಾವೇ ಸರಿ ಮಾಡುವವರು ನನ್ನ ಕೈಗೆ ಸ್ಪ್ಯಾನರ್ ಕೊಟ್ಟರು.

“ನೀನೇ ಹಾಕು. ಮೊದ್ಲು ಮೇಲಿನ ವಾಲ್ವ್ ಬಂದ್ ಮಾಡು. ಹಾಂ. ಈಗ ತಿರುಗ್ಸು. ಹಳೇ ವಾಷರ್ ತೆಗಿ.”

“ನಂಗ್ಯಾಕ್ರೀ ಇದೆಲ್ಲ? ನೀವಿದೀರಲ್ಲ.”

“ಕಲ್ತಿರು. ನಾನಿಲ್ದಾಗ ಬೇಕಾಗುತ್ತೆ.”

ಹಾಗೆಂದು ತಲೆ ತಗ್ಗಿಸಿಕೊಂಡರು. ಸಾಯುವ ನಾಯಕ ಹೆಂಡತಿಗೆ ಏನಾದರೊಂದನ್ನು ಕಲಿಸಲೇಬೇಕು, ಯಾವ ಮೂಲೆಯ ಸಿನಿಮಾವೂ ಇದನ್ನು ಬಿಟ್ಟಿಲ್ಲ. ಕಾರು ಓಡಿಸುವುದನ್ನೋ ಸೈಕಲ್ ಹೊಡೆಯುವುದನ್ನೋ ಕಲಿಸುತ್ತಾನೆ. ನನಗೆ ಸಿಕ್ಕಿದ್ದು ವಾಷರ್. ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ನಲ್ಲಿ ಬಿಗಿದೆ. ತೊಟ್ಟಿಕ್ಕುವುದು ನಿಂತಿತು. “ಭೇಷ್” ಎಂದು ಬೆನ್ನು ತಟ್ಟಿದರು. ಆ ಕೈ ಬೆನ್ನ ಮೇಲೆ ಇನ್ನೊಂದು ಚೂರು ಹೊತ್ತು ಇತ್ತು ಎಂದು ನನಗೆ ಅನ್ನಿಸಿತು.

ಮಾರ್ಚ್ 13, ಗುರುವಾರ

ಮೌನಿ ಇವತ್ತು ಬಾಯಿ ಬಿಟ್ಟ. ಟ್ರೇಲರಿನ ಮೊದಲ ಕಟ್ ತೋರಿಸಿದ್ದೆ. ಅಪ್ಪ ಬೀರು ಮುಚ್ಚುತ್ತಾನೆ, ಬಾಗಿಲ ಸಂದಿಯಿಂದ ಮಗಳು ನೋಡುತ್ತಾಳೆ, ಕಣ್ಣಲ್ಲಿ ಭಯ. ಪ್ರೊಡ್ಯೂಸರ್ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದರು. ಅವರು ಹೋದ ಮೇಲೆ ಇವನು ಮೆಲ್ಲಗೆ, “ಮೇಡಂ, ಆ ಹುಡುಗಿ ಅಪ್ಪನ್ನ ನೋಡ್ತಿಲ್ಲ” ಎಂದ.

“ಗೊತ್ತಪ್ಪ. ಆ ಶಾಟ್ ಬೇರೆ ಸೀನಿಂದ ಎತ್ಕೊಂಡಿದ್ದು.”

“ಸೀನೇ ಅಲ್ಲ ಮೇಡಂ. ನಾನಿನ್ನೂ ಆಕ್ಷನ್ ಹೇಳಿರ್ಲಿಲ್ಲ. ಲೈಟ್ ಸರಿ ಮಾಡ್ತಿದ್ವಿ, ಅವಳು ಸುಮ್ನೆ ನಿಂತಿದ್ಲು. ಹಸಿವಾಗಿತ್ತೇನೋ. ಆ ಮುಖದಲ್ಲಿ ಏನೂ ಇಲ್ಲ.”

“ಏನೂ ಇಲ್ಲದ ಮುಖಾನೇ ಬೇಕು ನಮಗೆ” ಎಂದೆ. “ಅದರ ಪಕ್ಕ ಏನಿಟ್ರೆ ಅದೇ ಆಗುತ್ತೆ. ಹೆಣ ಇಟ್ರೆ ಭಯ, ಮಗು ಇಟ್ರೆ ಮಮತೆ, ಊಟ ಇಟ್ರೆ ಹಸಿವು. ನೋಡೋರೇ ತುಂಬ್ಕೋತಾರೆ. ಭಯದ ಸಿನಿಮಾ ಅಂತ ಕೂತ್ಮೇಲೆ ಬೆಕ್ಕು ಬಂದ್ರೂ ಬೆಚ್ಚಿಬೀಳ್ತಾರೆ, ಅದೇ ಬೆಕ್ಕು ಕಾಮಿಡೀಲಿ ಬಂದ್ರೆ ನಗ್ತಾರೆ. ಬೆಕ್ಕಿಗೆ ಇದ್ಯಾವ್ದೂ ಗೊತ್ತಿಲ್ಲ.”

“ಆದ್ರೆ ಆ ಹುಡುಗಿಗೆ ಭಯ ಇರ್ಲಿಲ್ಲ ಮೇಡಂ” ಎಂದ, ಹಠ ಹಿಡಿದ ಮಗುವಿನ ಹಾಗೆ.

ತಲೆ ತಿನ್ನಬೇಡ ಹೋಗಪ್ಪ ಎಂದು ಕಳಿಸಿದೆ. ಮನೆಯಲ್ಲಿ ಸಾಯುವವರೊಬ್ಬರನ್ನು ಇಟ್ಟುಕೊಂಡು ಇವನ ಜೊತೆ ಬೆಕ್ಕಿನ ಪುರಾಣ ಯಾರು ಹೇಳುತ್ತ ಕೂರುತ್ತಾರೆ? ಸಂಜೆ ಬೇಗ ಹೊರಟು ಸೂಪು ಮಾಡಿದೆ. ಇವರು ಎರಡು ಬಟ್ಟಲು ಕುಡಿದರು.

ಮಾರ್ಚ್ 16, ಭಾನುವಾರ

ಅಕ್ಕನಿಗೆ ಹೇಳಬಾರದಿತ್ತು. ಬಾಯಿ ತಡೆಯಲಿಲ್ಲ. ಅವಳು ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಎಲ್ಲರನ್ನೂ ಅನುಮಾನದಿಂದಲೇ ನೋಡುತ್ತಾಳೆ. ಎಲ್ಲ ಕೇಳಿಸಿಕೊಂಡು ಫೋನಿನಲ್ಲೇ ವಿಚಾರಣೆ ಶುರು ಮಾಡಿದಳು.

“ಆಸ್ಪತ್ರೆಗೆ ಹೋಗಿದ್ದನ್ನ ನೀನು ನೋಡಿದೀಯಾ?”

“ಇಲ್ಲ. ನನ್ನಿಂದ ಮುಚ್ಚಿಡ್ತಿದಾರೆ.”

“ಮಾತ್ರೆ?”

“ಅಂಗಡೀಲಿ ಇಟ್ಟಿರ್ತಾರೆ.”

“ನೋಡೇ, ಬೇಜಾರು ಮಾಡ್ಕೋಬೇಡ. ತೂಕ ಇಳಿಸ್ಕೊಂಡಿದಾರೆ. ಬೆಳಿಗ್ಗೆ ಒಬ್ರೇ ವಾಕಿಂಗು. ಹಳೇ ಬಟ್ಟೆ ಎಲ್ಲ ಬಿಸಾಕಿದಾರೆ. ಬಾಲ್ಕನೀಲಿ ಗುಸುಗುಸು ಫೋನು. ಇದು ಬೇರೆ ಸಿನಿಮಾ ಕಣೇ.”

ಮೈಯೆಲ್ಲ ಉರಿದುಹೋಯಿತು. ‘ನಿನ್ನದು ಸೀರಿಯಲ್ ಬುದ್ಧಿ’ ಎಂದೆ. ‘ನಿನ್ನ ಗಂಡನ ಮೇಲೆ ನಿನಗಿರುವ ಅನುಮಾನವನ್ನು ನನ್ನ ಗಂಡನ ಮೇಲೆ ಹಾಕಬೇಡ’ ಎಂದೂ ಅಂದುಬಿಟ್ಟೆ. ಅವಳು ತಿರುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಆಯ್ತು, ಬಿಡು. ಅಳಬೇಡ’ ಎಂದಳು. ನಾನು ಫೋನು ಇಟ್ಟೆ.

ಆಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಳಿತೆ. ಅಲ್ಲಿ ನಾನು ಅಂದುಕೊಂಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಾಯಿಲೆಯೇ ಇರಲಿ ದೇವರೇ. ಅಕ್ಕ ಹೇಳಿದ್ದು ಬೇಡ. ಕಾಯಿಲೆಯಾದರೆ ಕೊನೆಯವರೆಗೂ ಇವರು ನನ್ನವರೇ.

ಮಾರ್ಚ್ 19, ಬುಧವಾರ

ಎಷ್ಟು ಚೆನ್ನಾಗಿದ್ದೇವೆ! ಹದಿನೈದು ವರ್ಷದಲ್ಲಿ ಹೀಗಿದ್ದ ದಿನಗಳು ನೆನಪಿಗೇ ಬರುವುದಿಲ್ಲ. ನಮಗೆ ಮಕ್ಕಳಿಲ್ಲ, ನನಗೆ ಎಡಿಟಿಂಗು, ಇವರಿಗೆ ಅಂಗಡಿ, ನಡುವೆ ಊಟ, ಇಷ್ಟೇ ಸಂಸಾರವಾಗಿತ್ತು. ಈಗ ಸಂಜೆ ಬೇಗ ಬರುತ್ತೇನೆ. ಜಗಳ ಬಿಟ್ಟಿದ್ದೇನೆ. ಒದ್ದೆ ಟವೆಲು ಹಾಸಿಗೆಯ ಮೇಲೆ ಬಿದ್ದಿದ್ದರೂ ಏನೂ ಅನ್ನುವುದಿಲ್ಲ, ಎತ್ತಿ ಹರವುತ್ತೇನೆ. ನಿನ್ನೆ ಇವರ ಕಾಲುಗುರು ಕತ್ತರಿಸಿದೆ. “ಬಿಡೇ, ನಂಗೇನು ಕೈಯಿಲ್ವಾ?” ಎಂದರು. ಬಿಡಲಿಲ್ಲ.

ಇವತ್ತು ಊಟ ಮಾಡುತ್ತ ಮಾಡುತ್ತ ಇವರ ಕಣ್ಣು ತುಂಬಿತು. ತಟ್ಟೆಯ ಮೇಲೆ ಕೈ ಹಾಗೇ ನಿಂತಿತು.

“ಯಾಕ್ ಹೀಗ್ ನೋಡ್ಕೋತಿದೀಯ ನನ್ನ?” ಎಂದರು.

“ನೋಡ್ಕೋಬಾರ್ದಾ?”

ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಅಡ್ಡ ಇಟ್ಟೆ. ಬೇಡ, ಈಗಲೇ ಬೇಡ. ಆ ಮಾತು ಬಂದರೆ ಇಂಟರ್‌ವಲ್. ಅದರಾಚೆ ಇರುವುದೆಲ್ಲ ಇಳಿಜಾರೇ. “ತಣ್ಣಗಾಗುತ್ತೆ, ಊಟ ಮಾಡಿ” ಎಂದೆ. ಮಾಡಿದರು.

ಮಾರ್ಚ್ 24, ಸೋಮವಾರ

ಇನ್ನು ತಡೆಯಲಾರೆ. ಮುಂದೆ ಏನಾಗಬೇಕೋ ಅದಕ್ಕೆ ಸಿದ್ಧವಾಗಬೇಕು, ಔಷಧಿ ಇದ್ದರೆ ಕೊಡಿಸಬೇಕು. “ಒಂದ್ಸಲ ಫುಲ್ ಚೆಕಪ್ ಮಾಡಿಸ್ಕೊಳಿ, ನನ್ನ ಸಮಾಧಾನಕ್ಕೆ” ಎಂದೆ. ವಾದ ಮಾಡುತ್ತಾರೆ, ಹೇಗಾದರೂ ತಪ್ಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನನ್ನ ಮುಖ ನೋಡಿ, “ಆಯ್ತು. ನಿನ್ನ ಸಮಾಧಾನಕ್ಕೆ” ಎಂದರು. ಎಷ್ಟು ಮೆದುವಾಗಿ ಹೇಳಿದರು!

ಟ್ರೇಲರ್ ಗಡುವು ಮುಂದಕ್ಕೆ ಹಾಕಿಸಿಕೊಂಡೆ. ಪ್ರೊಡ್ಯೂಸರ್ ಗೊಣಗಿದರು. ಗೊಣಗಲಿ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಇವರ ಶರ್ಟಿಗೆ ನಾನೇ ಇಸ್ತ್ರಿ ಹಾಕಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಪಕ್ಕಪಕ್ಕ ಕುಳಿತೆವು. ಎದುರಿನ ಗೋಡೆ ನೀಲಿ. ಕೊನೆಯಲ್ಲೊಂದು ಟ್ಯೂಬ್‌ಲೈಟು ಮಿಣುಕುತ್ತಿತ್ತು. ಇದನ್ನೆಲ್ಲ ಯಾರೋ ನನಗಾಗಿಯೇ ಸಜ್ಜು ಮಾಡಿಟ್ಟಂತಿತ್ತು. ಇವರ ಕೈ ಹಿಡಿದುಕೊಂಡೆ.

ಡಾಕ್ಟರು ವಯಸ್ಸಾದವರು. ರಿಪೋರ್ಟಿನ ಹಾಳೆಗಳನ್ನು ತಿರುವಿ ತಿರುವಿ ನೋಡಿ ಪಕ್ಕಕ್ಕಿಟ್ಟರು.

“ಎಲ್ಲಾ ಚೆನ್ನಾಗಿದೆ. ತೂಕ ಇಳಿಸಿದ್ದು ಒಳ್ಳೇದೇ ಆಯ್ತು. ಆ ಕೆಮ್ಮು ಧೂಳಿಂದು. ಲೆನ್ಸ್ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಕೊಳಿ.”

“ಇನ್ನೊಂದ್ಸಲ ನೋಡಿ ಡಾಕ್ಟ್ರೇ” ಎಂದೆ.

“ನೋಡೋಕೆ ಏನೂ ಇಲ್ವಲ್ಲಮ್ಮ.”

“ಸ್ಕ್ಯಾನ್ ಏನಾದ್ರೂ ಮಾಡ್ಸಿ. ಒಳಗೆಲ್ಲಾದ್ರೂ ಇರುತ್ತೆ. ಇದೆ, ಇದೆ ಡಾಕ್ಟ್ರೇ, ನಂಗೊತ್ತು.”

ಡಾಕ್ಟರು ನಕ್ಕರು. “ಗಂಡ ಗುಂಡುಕಲ್ಲಿನ ಹಾಗಿದಾನೆ ಅಂದ್ರೆ ಜಗಳಕ್ಕೆ ಬರೋ ಹೆಂಡ್ತೀನ ಇವತ್ತೇ ನೋಡಿದ್ದು ನಾನು!”

ನಾನು ಇವರ ಕಡೆ ತಿರುಗಿದೆ. ಇವರು ನಗುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಇಷ್ಟು ದಿನದ ಸೂಪು, ಕಾಲುಗುರು, ಹರವಿದ ಟವೆಲು, ಎಲ್ಲ ಯಾಕೆಂದು ಆ ಕ್ಷಣದಲ್ಲಿ ಗೊತ್ತಾಗಿಹೋಯಿತು ಅನ್ನಿಸುತ್ತದೆ. ಎದ್ದು ಹೊರಗೆ ನಡೆದರು. ಕೆಳಗಿನ ಕ್ಯಾಂಟೀನಿನಲ್ಲಿ ಎರಡು ಟೀ ತಂದು ನನ್ನೆದುರು ಕುಳಿತರು.

“ನಾನು ಸಾಯ್ತೀನಿ ಅಂದ್ಕೊಂಡಿದ್ಯಾ?”

“ನೀವೇ ಹೇಳಿದ್ರಲ್ಲ. ಬಾಲ್ಕನೀಲಿ. ಜಾಸ್ತಿ ದಿನ ಇರಲ್ಲ ಅಂತ.”

ಕಣ್ಣು ಮುಚ್ಚಿಕೊಂಡರು. ಆಮೇಲೆ ಹೇಳಿದರು. ಅವರ ಜೊತೆ ಓದಿದವನೊಬ್ಬ ಬೇರೆ ಊರಿನಲ್ಲಿ ಲೆನ್ಸ್ ತಯಾರಿಸುವ ಕಾರ್ಖಾನೆ ಇಟ್ಟಿದ್ದಾನೆ. ಅಂಗಡಿಯನ್ನು ಬೇರೆಯವರಿಗೆ ವಹಿಸಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಒಬ್ಬರೇ. ಅವತ್ತು ಅವನಿಗೇ ಹೇಳುತ್ತಿದ್ದರಂತೆ, ನಾನಿನ್ನು ಈ ಮನೆಯಲ್ಲಿ ಜಾಸ್ತಿ ದಿನ ಇರಲ್ಲ ಎಂದು.

“ಯಾರವಳು?” ಎಂದೆ.

“ಯಾರೂ ಇಲ್ಲ.”

“ಸುಳ್ಳು ಹೇಳ್ಬೇಡಿ. ಯಾರೋ ಇದಾಳೆ.”

“ನಿನ್ನಾಣೆಗೂ ಯಾರೂ ಇಲ್ಲ ಕಣೇ.”

ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಅವಳ ಜುಟ್ಟು ಹಿಡಿದು ಎಳೆದಾಡಬಹುದಿತ್ತು. ಮತ್ತೆ ಯಾಕೆ ಎಂದು ಕೇಳಿದೆ. ಟೀ ಲೋಟವನ್ನು ತಿರುಗಿಸುತ್ತ, ತಡವರಿಸುತ್ತ ಹೇಳಿದರು.

“ನಾನು ಏನು ಮಾಡಿದ್ರೂ ನೀನು ಅದಕ್ಕೊಂದು ಅರ್ಥ ಹಚ್ತೀಯ. ಕಿಟಕಿ ಹತ್ರ ನಿಂತ್ರೆ ಯಾರ್ನ ನೆನೆಸ್ಕೋತಿದೀರ ಅಂತೀಯ. ಬಾಗಿಲು ಜೋರಾಗಿ ಬಿದ್ರೆ ಕೋಪಾನಾ ಅಂತೀಯ, ಗಾಳಿಗೆ ಬಿದ್ದಿರುತ್ತೆ. ಸುಮ್ನಿದ್ರೆ ಯಾಕೆ ಸುಮ್ನಿದೀರ ಅಂತೀಯ. ಮೊದ್ಲು ಮಜಾ ಇತ್ತು, ನಾನೂ ನಗ್ತಿದ್ದೆ. ಈಗ ನಂಗೆ ಮನೆಗ್ ಬರೋಕೇ ಭಯ. ಕೆಮ್ಮು ಬಂತು, ಕೆಮ್ದೆ. ಅಷ್ಟೇ. ನಿನ್ನ ಹತ್ರ ‘ಅಷ್ಟೇ’ ಅನ್ನೋದೇ ಇಲ್ಲ.”

“ಇದಕ್ಕೆ ಯಾರಾದ್ರೂ ಮನೆ ಬಿಡ್ತಾರಾ?”

“ಗೊತ್ತಿಲ್ಲ. ನಾನು ಬಿಡ್ತಿದೀನಿ.”

“ಮತ್ತೆ ಈ ಎರಡು ವಾರ? ಚೆನ್ನಾಗಿರ್ಲಿಲ್ವಾ ನಾವು?”

“ಚೆನ್ನಾಗಿದ್ವಿ” ಎಂದರು. “ಅದಕ್ಕೇ ಹೇಳೋಕಾಗ್ಲಿಲ್ಲ. ಇರ್ಬಹುದೇನೋ ಅಂತ ಒಂದೆರಡು ಸಲ ಅನ್ನಿಸ್ತು. ಆದ್ರೆ ನೀನು ನೋಡ್ಕೋತಿದ್ದಿದ್ದು ನನ್ನನ್ನಲ್ವಲ್ಲ. ಸಾಯೋನೊಬ್ಬನ್ನ.”

ಟೀ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಮಾರ್ಚ್ 28, ಶುಕ್ರವಾರ

ಅವರಿಗೆ ಕಾಯಿಲೆಯಿಲ್ಲ. ನನಗೆ ಸಂತೋಷವಾಗಬೇಕು. ಆಗುತ್ತಿಲ್ಲ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಹೋದರು. ಎರಡು ಸೂಟ್‌ಕೇಸು, ಒಂದು ಕೈಚೀಲ. ಟ್ಯಾಕ್ಸಿಯವನು ಪಕ್ಕದ ರಸ್ತೆಗೆ ಹೋಗಿಬಿಟ್ಟಿದ್ದ. ಅವನು ಬರುವವರೆಗೆ ನಾವಿಬ್ಬರೂ ಗೇಟಿನ ಹತ್ತಿರ ನಿಂತಿದ್ದೆವು. ಬಿಸಿಲಿತ್ತು. ಎದುರು ಮನೆಯವರು ಕಾರು ತೊಳೆಯುತ್ತಿದ್ದರು. ನೀರು ನಮ್ಮ ಕಾಲಿನವರೆಗೂ ಹರಿದು ಬಂತು, ನಾವು ಪಕ್ಕಕ್ಕೆ ಸರಿದೆವು.

ಟ್ಯಾಕ್ಸಿ ಬಂತು. ಹತ್ತಿದರು. ಮತ್ತೆ ಇಳಿದು ಬಂದರು. ಚಾರ್ಜರ್ ಮರೆತಿದ್ದರು. ಮೇಲೆ ಹೋಗಿ ತಂದುಕೊಟ್ಟೆ. ಹತ್ತಿದರು. ಕಿಟಕಿಯ ಗಾಜು ಇಳಿಸಿ, “ಒಳಗೆ ಹೋಗು, ಬಿಸಿಲು” ಎಂದರು. ಬಿಸಿಲಿತ್ತು, ಒಳಗೆ ಬಂದೆ.

ಏಪ್ರಿಲ್ 5, ಶನಿವಾರ

ಅಕ್ಕ ಬಂದು ಎರಡು ದಿನ ಇದ್ದು ಹೋದಳು. ನನ್ನ ತಲೆ ಬಾಚಿದಳು. ಬಲವಂತವಾಗಿ ಉಣ್ಣಿಸಿದಳು. “ಯಾರೋ ಒಬ್ಳು ಇದ್ದೇ ಇದಾಳೆ ಬಿಡೇ, ಇಲ್ದೆ ಹೋಗೋ ಗಂಡಸು ಇದಾನಾ? ಈಗ ಹೇಳಲ್ಲ, ಆರು ತಿಂಗಳು ಹೋದ್ಮೇಲೆ ಗೊತ್ತಾಗುತ್ತೆ” ಎಂದು ಸಮಾಧಾನ ಹೇಳಿದಳು. ಅವಳಿಗೆ ಆ ಯಾರೋ ಒಬ್ಬಳ ಮೇಲೆ ಎಷ್ಟು ಸಿಟ್ಟೆಂದರೆ, ಅವಳ ಮೂಗು ಕಣ್ಣು ಎಲ್ಲ ಹೇಗಿರಬಹುದೆಂದು ಹೇಳಿ ಬೈದಳು. ನಾನೂ ಸೇರಿಕೊಂಡು ಬೈದೆ. ಇಬ್ಬರೂ ನಕ್ಕೆವು. ಆಮೇಲೆ ಅಳು ಬಂತು. ಇಲ್ಲದವಳನ್ನು ಎಷ್ಟು ಹೊತ್ತು ಬೈಯುವುದು?

ಅವರನ್ನಾದರೂ ಬೈಯೋಣವೆಂದರೆ ಅವರು ಹೊಡೆದವರಲ್ಲ, ಕುಡಿದವರಲ್ಲ, ಮೋಸ ಮಾಡಿದವರಲ್ಲ. ನನ್ನ ಜೊತೆ ಇರಲಾಗಲಿಲ್ಲ, ಅಷ್ಟೇ. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ? ಯಾರಿಗೂ ಕರುಣೆ ಬರುವಂಥ ಕಥೆಯಲ್ಲ ಇದು.

ಏಪ್ರಿಲ್ 8, ಮಂಗಳವಾರ

ಟ್ರೇಲರ್ ಕಳಿಸಿದ್ದೆ. ಸ್ವಲ್ಪ ಹೊತ್ತಿಗೇ ಪ್ರೊಡ್ಯೂಸರ್ ಫೋನು.

“ಮೇಡಂ, ಮ್ಯೂಸಿಕ್ ಎಲ್ಲಿ?”

“ಇದ್ಯಲ್ಲ ಸರ್.”

“ಎಲ್ಲಿದೆ? ಕಿವೀಲಿ ಹತ್ತಿ ಇಟ್ಕೊಂಡು ಕೂತಿದೀನಾ ನಾನು? ಒಂದು ಗುಂಯ್ ಇಲ್ಲ, ಢಂ ಇಲ್ಲ. ಅವನ್ಯಾರೋ ಬೀರು ಹಾಕ್ತಾನೆ, ಅವಳ್ಯಾರೋ ನೋಡ್ತಾಳೆ. ಏನಿದು, ಬೀರು ಮಾರೋ ಜಾಹೀರಾತಾ?”

ತೆಗೆದು ನೋಡಿದರೆ ನಿಜ. ಸಂಗೀತದ ಟ್ರ್ಯಾಕ್ ಮ್ಯೂಟ್ ಆಗಿತ್ತು. ಕಳಿಸುವ ಮುಂಚೆ ಮತ್ತೆ ಮತ್ತೆ ನೋಡಿದ್ದೆ, ಏನೋ ಕಡಿಮೆಯಾಗಿದೆ ಎಂದು ಅನ್ನಿಸಿಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಅಧ್ವಾನ ಮಾಡಿಕೊಂಡವಳಲ್ಲ.

ಮೌನಿ ಓಡಿ ಬಂದ. ಅವನ ಮುಖ ಅರಳಿತ್ತು. “ಮೇಡಂ, ಹೀಗೇ ಇರ್ಲಿ. ನೀವು ಬೇಕಂತಾನೇ ಮಾಡಿದ್ರಿ ಅಲ್ವಾ? ನಂಗೊತ್ತು.”

“ಇಲ್ಲಪ್ಪ” ಎಂದೆ. “ಆಫ್ ಆಗಿತ್ತು. ನೋಡ್ಲಿಲ್ಲ.”

ಮ್ಯೂಸಿಕ್ ಹಾಕಿ ಕಳಿಸಿದೆ. ಪ್ರೊಡ್ಯೂಸರ್ ಖುಷಿಯಾದರು.

ಏಪ್ರಿಲ್ 23, ಬುಧವಾರ

ಕೆಳಗಿನ ಮನೆಯ ಟೈಲರಮ್ಮ ವಾಪಸು ಬಂದಿದ್ದಾರೆ. ಮಗಳ ಹೆರಿಗೆಗೆಂದು ಹೋಗಿ ಎರಡು ತಿಂಗಳು ಅಲ್ಲೇ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ಈಗಲೂ ಹೊಲಿಗೆ ಬಿಟ್ಟಿಲ್ಲ. ಬೆಳಿಗ್ಗೆ ಮೆಟ್ಟಿಲಲ್ಲಿ ಎದುರಾದರು. ಕೈಯಲ್ಲಿ ಕನ್ನಡಕ.

“ಎಲ್ಲಮ್ಮ ನಿಮ್ಮನೆಯವ್ರು? ಬಂದಾಗಿಂದ ಕಾಣ್ಲೇ ಇಲ್ಲ. ಇದರ ಕಾಲು ಸಡ್ಲ ಆಗಿದೆ, ಸ್ವಲ್ಪ ಸರಿ ಮಾಡ್ಕೊಡಿ ಅನ್ಬೇಕಿತ್ತು.”

“ಹೋಗ್ಬಿಟ್ರು” ಎಂದೆ.

ಮನೆ ಬಿಟ್ಟು, ಊರು ಬಿಟ್ಟು ಎಂದು ಮುಂದೆ ಹೇಳುವವಳಿದ್ದೆ.

ಅಷ್ಟರಲ್ಲೇ ಟೈಲರಮ್ಮನ ಕೈಯಿಂದ ಕನ್ನಡಕ ಬಿತ್ತು. “ಅಯ್ಯೋ ನನ್ ಕಂದಾ! ಯಾವಾಗಮ್ಮ? ಏನಾಗಿತ್ತು? ನಂಗ್ಯಾರೂ ಒಂದು ಮಾತು ಹೇಳ್ಲಿಲ್ವಲ್ಲೇ!” ಎನ್ನುತ್ತ ಎರಡೂ ಕೈ ಚಾಚಿ ನನ್ನನ್ನು ಬಾಚಿ ತಬ್ಬಿಕೊಂಡರು. ಮೈಯೆಲ್ಲ ಮಿಷನ್ ಎಣ್ಣೆಯ ವಾಸನೆ.

ಇಲ್ಲ, ಹಾಗಲ್ಲ ಎನ್ನಬೇಕಿತ್ತು. ಬಾಯಿ ತೆರೆದಿದ್ದೆ ಕೂಡ.

“ಎಂಥಾ ಮನುಷ್ಯ! ನಿನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದ್ರಲ್ಲೇ” ಎಂದರು.

“ಹೂಂ” ಎಂದೆ. “ಪ್ರಾಣಾನೇ ಇಟ್ಕೊಂಡಿದ್ರು.”

ಆಗ ಅಳು ಬಂತು. ಅಕ್ಕನೆದುರು ಬಂದಂಥದ್ದಲ್ಲ, ಹೊಟ್ಟೆಯಾಳದಿಂದ, ಬಿಕ್ಕಿ ಬಿಕ್ಕಿ. ಟೈಲರಮ್ಮ ಮೆಟ್ಟಿಲ ಮೇಲೆ ಕುಳಿತು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಕೆಯೂ ಅತ್ತರು. ಮೇಲಿನಿಂದ ಇಳಿದು ಬಂದ ಯಾರೋ ಚಪ್ಪಲಿ ಸದ್ದಾಗದಂತೆ ಪಕ್ಕದಿಂದ ದಾಟಿ ಹೋದರು. ಇವರು ಹೋದಾಗಿನಿಂದ ನನ್ನ ಸಂಕಟಕ್ಕೆ ಯಾರಾದರೂ ದಾರಿ ಬಿಟ್ಟುಕೊಟ್ಟಿದ್ದು ಇದೇ ಮೊದಲು.

ಏನಾಗಿತ್ತು ಎಂದು ಟೈಲರಮ್ಮ ಮತ್ತೆ ಕೇಳಿದರು. ಹೇಳಿದೆ. ಬಹಳ ದಿನದಿಂದ ಇತ್ತಂತೆ. ನಾನು ತಡೆದುಕೊಳ್ಳುವುದಿಲ್ಲವೆಂದು ನನಗೆ ಹೇಳಲೇ ಇಲ್ಲ. ಕೊನೆಯ ಎರಡು ವಾರ ಮಾತ್ರ ಚೆನ್ನಾಗಿ ನೋಡಿಕೊಂಡೆ. ಇದರಲ್ಲಿ ಯಾವುದೂ ಸುಳ್ಳಲ್ಲ.

ಮಧ್ಯಾಹ್ನ ಆಕೆ ಬಿಸಿ ಗಂಜಿ ತಂದು ಪಕ್ಕದಲ್ಲಿ ಕುಳಿತು ಕುಡಿಸಿದರು. ಇವರ ಒಳ್ಳೆಯತನದ ಮಾತು ತೆಗೆದರು. ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದ ಆಕೆಯ ಮನೆಗೇ ಬಂದು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಟ್ಟಿದ್ದರಂತೆ ಇವರು. ನನಗೆ ಗೊತ್ತೇ ಇರಲಿಲ್ಲ. ಇನ್ನಷ್ಟು ಹೇಳಿ ಎಂದೆ, ಹೇಳಿದರು.

ಭಾನುವಾರ ಇವರು ಉಳಿದ ಪೆಟ್ಟಿಗೆಗಳನ್ನು ಒಯ್ಯಲು ಬರುತ್ತಾರೆ. ಟೈಲರಮ್ಮನ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತಿ ಬರಬೇಕು. ಅಷ್ಟರೊಳಗೆ ಆಕೆಗೆ ನಿಜ ಹೇಳಿಬಿಡಬೇಕು. ನಾಳೆ ಹೇಳುತ್ತೇನೆ. ಇವತ್ತು ಬೇಡ. ಸಂಜೆ ಮತ್ತೆ ಬಂದು ಜೊತೆಗಿರುತ್ತೇನೆ ಎಂದಿದ್ದಾರೆ.